ಎಂಟು ದಿನ ತೂಗಬೇಕಿದ್ದ ಹರಳು

ಗಡಿಯಾರ ಮುಂದೆ ಓಡಿದರೆ ಅದು ಕೆಟ್ಟಿದೆ ಎಂದು ಊರೆಲ್ಲ ಹೇಳುತ್ತದೆ. ನಾನೊಬ್ಬಳು ಮಾತ್ರ ಒಂದು ಗಡಿಯಾರವನ್ನು ಬೇಕಂತಲೇ ಮುಂದೋಡಿಸಲು ಹೊರಟಿದ್ದೆ. ಅದೂ ಎಂಥದ್ದು, ಆರುನೂರು ಹುಡುಗಿಯರ ಅಂಕಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕಂಪ್ಯೂಟರಿನ ಒಳಗಿನ ಗಡಿಯಾರ!

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹುಡುಗಿಯರಿಗೆ ಡ್ರಾಯಿಂಗು, ಟೈಪಿಂಗು ಕಲಿಸುವ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ನನಗೆ ಕೆಲಸ. ಹರಿಹರದಲ್ಲೂ ಮಲೆಬೆನ್ನೂರಿನಲ್ಲೂ ಅದರ ಶಾಖೆಗಳಿದ್ದವು. ಮೂರು ಊರಿಗೂ ಸೇರಿ ಇದ್ದದ್ದು ಒಂದೇ ಕಂಪ್ಯೂಟರ್, ಅದರ ಉಸ್ತುವಾರಿ ನನ್ನದು. ಆ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರಬೇಕಿತ್ತು. ಪ್ರಿನ್ಸಿಪಾಲರೂ ಬಿಡುತ್ತಿದ್ದರು. ಬಿಡದವರ ಮೇಲೆ ನಾನು ಹಾರಾಡುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಕಂಪ್ಯೂಟರಿಗೆ ನಾನೇ ಒಂದು ಗವಸು ಹೊಲಿದಿದ್ದೆ. ನೀಲಿ ಪಾಪ್ಲಿನ್ ಬಟ್ಟೆ, ಮುಂದೆ ಕಸೂತಿಯ ಎರಡು ಗಿಳಿ. ನಗಬೇಡಿ. ಆಗ ರೇಡಿಯೋಕ್ಕೆ, ಟೀವಿಗೆ, ಮಿಕ್ಸಿಗೆ, ಎಲ್ಲಕ್ಕೂ ಗವಸು ಇರುತ್ತಿತ್ತು. ಸಾಲದ್ದಕ್ಕೆ ನಮ್ಮೂರಿನ ಜಿನ್ನಿಂಗ್ ಫ್ಯಾಕ್ಟರಿಗಳಿಂದ ಹತ್ತಿಯ ಎಳೆಗಳು ಹಾರಿ ಬಂದು ಕಿಟಕಿಯ ಸರಳಿಗೆ, ತಲೆಗೂದಲಿಗೆ, ಸಾರಿನ ಪಾತ್ರೆಗೆ ಅಂಟಿಕೊಳ್ಳುತ್ತಿದ್ದವು. ಅಷ್ಟು ಬೆಲೆಬಾಳುವ ಯಂತ್ರವನ್ನು ಹಾಗೇ ಬಿಡಲಾದೀತೆ?

ಕಷ್ಟ ಶುರುವಾದದ್ದು ಕರೆಂಟಿನಿಂದ. ಬೇಸಿಗೆಯಲ್ಲಿ ನಮಗೆ ಹಗಲು ಸಿಗುತ್ತಿದ್ದದ್ದು ನಾಲ್ಕೇ ಗಂಟೆ, ಹತ್ತರಿಂದ ಎರಡು. ಮೂರೂ ಊರಿನ ಅಂಕಗಳನ್ನು ಕೂಡಿ, ಯಾರು ಮೊದಲು ಯಾರು ಕೊನೆ ಎಂದು ಜೋಡಿಸಿಕೊಡಲು ಆ ಕಂಪ್ಯೂಟರಿಗೆ ಬೇಕಾಗುತ್ತಿದ್ದದ್ದು ಐದು ಗಂಟೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಹಿಂದಿನ ವರ್ಷ ಒಂಬತ್ತು ದಿನ ಹಾಗೇ ಆಯಿತು, ಹತ್ತನೆಯ ದಿನ ಹೇಗೋ ಕರೆಂಟು ಸಂಜೆವರೆಗೆ ಉಳಿದು ಕೆಲಸ ಮುಗಿಯಿತು. ನಾಲ್ಕು ಗಂಟೆ ಕಾದು ಕುಳಿತು, ಎರಡು ಹೊಡೆಯುತ್ತಿದ್ದಂತೆ ಪರದೆ ಕಪ್ಪಾದಾಗ ನಾನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಪ್ರೋಗ್ರಾಮ್ ಬರೆದುಕೊಟ್ಟಿದ್ದ ಬೆಂಗಳೂರಿನವನು "ಮೂರೂ ಊರಿಂದು ಒಟ್ಟಿಗೆ ಕೊಡಿ" ಎಂದು ಹೇಳಿಹೋಗಿದ್ದ. ಅದನ್ನು ನಾನು ವೇದವಾಕ್ಯ ಮಾಡಿಕೊಂಡಿದ್ದೆ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಬೆಂಗಳೂರಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದಳು. ಅವಳಿಗೆ ಗೋಳು ತೋಡಿಕೊಂಡು ಕಾಗದ ಬರೆದೆ. ಉತ್ತರದ ಲಕೋಟೆಯಲ್ಲಿ ಹತ್ತಿಯಲ್ಲಿ ಸುತ್ತಿದ ಒಂದು ತಗಡಿನ ಚೂರು ಬಂತು, ಕಿರುಬೆರಳಿನ ಉಗುರಿನಷ್ಟು. ಎರಡು ತಂತಿಯ ಕಾಲು. ಅದರೊಳಗೆ ಹರಳು. ಕಂಪ್ಯೂಟರಿನೊಳಗೆ ಇಂಥದ್ದೇ ಒಂದು ಹರಳು ಸದಾ ಕಂಪಿಸುತ್ತಿರುತ್ತದೆ, ಅದರ ತಾಳಕ್ಕೆ ಸರಿಯಾಗಿ ಪ್ರೊಸೆಸರ್ ಹೆಜ್ಜೆ ಹಾಕುತ್ತದೆ. ನಮ್ಮದರಲ್ಲಿದ್ದದ್ದು ಸೆಕೆಂಡಿಗೆ ಹನ್ನೆರಡು ದಶಲಕ್ಷ ಸಲ ಕಂಪಿಸುವ ಹನ್ನೆರಡರ ಹರಳು, ಅವಳು ಕಳಿಸಿದ್ದು ಹದಿನಾರರದ್ದು. ಬದಲಿಸಿದರೆ ಆರು ಹೆಜ್ಜೆ ಹಾಕುವಲ್ಲಿ ಎಂಟು ಹೆಜ್ಜೆ. ಐದು ಗಂಟೆಯ ಕೆಲಸ ಮೂರೂ ಮುಕ್ಕಾಲಿಗೆ! ಕರೆಂಟು ಹೋಗಲು ಇನ್ನೂ ಕಾಲು ಗಂಟೆ ಇರುತ್ತದೆ! ನಾನು ಲಕೋಟೆ ಹಿಡಿದು ಕುಣಿದುಬಿಟ್ಟೆ.

ಕಾಗದದಲ್ಲಿ ಅವಳು ಎಚ್ಚರಿಕೆಗಳನ್ನೂ ಬರೆದಿದ್ದಳು. ವೇಗ ಹೆಚ್ಚಿದರೆ ಪ್ರೊಸೆಸರ್ ಬಿಸಿಯಾಗುತ್ತದೆ, ಮುಚ್ಚಳ ತೆಗೆದಿಡು, ಎದುರಿಗೆ ಟೇಬಲ್ ಫ್ಯಾನ್ ಹಾಕು, ಹತ್ತು ಎಣಿಸುವವರೆಗೆ ಅದರ ಮೇಲೆ ಬೆರಳಿಡಲು ಆಗದಿದ್ದರೆ ಕೂಡಲೇ ನಿಲ್ಲಿಸು, ಉತ್ತರ ಗೊತ್ತಿರುವ ಹಳೆಯ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿಸಿ ತಾಳೆ ನೋಡು. ಓದಿದೆ. ಓದಿ ಮಡಿಚಿಟ್ಟೆ.

ಹರಳನ್ನು ಬೆಸುಗೆ ಬಿಡಿಸಿ ಹಾಕಬೇಕಿತ್ತು. ಅಷ್ಟು ನಾಜೂಕಿನ ಕೈ ಇದ್ದದ್ದು ನನಗೆ ಗೊತ್ತಿದ್ದವರಲ್ಲಿ ಒಬ್ಬರಿಗೇ. ಪೇಟೆಯಲ್ಲಿ ಡಬ್ಬಾ ಅಂಗಡಿ ಇಟ್ಟುಕೊಂಡಿದ್ದ ವಾಚ್ ರಿಪೇರಿ ಚಾಚಾ. ಮನೆ ಹರಿಹರದಲ್ಲಿ. ದಿನಾ ಬೆಳಗಿನ ರೈಲಿಗೆ ಬಂದು ಸಂಜೆ ಹೋಗುತ್ತಿದ್ದರು. ಅವರ ಅಂಗಡಿಯ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ವಾಚು, ವಾಚಿಗೊಂದು ಚೀಟಿ. ರಿಪೇರಿಯಾದ ವಾಚನ್ನು ಅವರು ಎಂಟು ದಿನ ಆ ಗೋಡೆಗೆ ತೂಗುಹಾಕಿ ದಿನಾ ತಾಳೆ ನೋಡಿಯೇ ಕೊಡುತ್ತಿದ್ದದ್ದು. ಒಮ್ಮೆ ಒಬ್ಬ ಮದುಮಗ ತಾಳಿ ಕಟ್ಟುವ ಹಿಂದಿನ ದಿನ ಬಂದು ಗೋಗರೆದರೂ ಕೊಟ್ಟಿರಲಿಲ್ಲ. "ಬೀಗರ ವಾಚ್ ಕಟ್ಕೊಂಡು ಮದುವೆ ಆಗು ಹೋಗಪ್ಪ, ಇದಕ್ಕಿನ್ನೂ ಮೂರು ದಿನ ಐತೆ" ಎಂದು ಕಳಿಸಿದ್ದರಂತೆ.

"ಚಾಚಾ, ಒಂದು ಹರಳು ಬದಲಾಯಿಸಿಕೊಡ್ಬೇಕಲ್ಲ" ಎಂದೆ.

ಅವರು ಭೂತಗನ್ನಡಿ ತೆಗೆದು ನನ್ನ ಬೆರಳು ನೋಡಿದರು. "ಉಂಗುರದ ಹರಳಾದ್ರೆ ಅಕ್ಕಸಾಲಿ ಹತ್ರ ಹೋಗ್ರಿ ಮೇಡಮ್ಮಾರೆ."

ನಾನು ವಿವರಿಸಿದೆ. ಕೇಳುತ್ತ ಕೇಳುತ್ತ ಅವರ ಹುಬ್ಬು ಮೇಲೇರಿತು.

"ಅರೆ! ಮುಂದೆ ಓಡೋ ಗಡಿಯಾರ ತಂದು ಸರಿ ಮಾಡಿಕೊಡ್ರಿ ಅಂತಾರೆ ಜನ. ಸರಿ ಇರೋದು ತಂದು ಮುಂದೆ ಓಡಿಸ್ರಿ ಅಂತೀರಲ್ಲ ನೀವು? ನಲವತ್ತು ವರ್ಷದಾಗ ಇದೇ ಮೊದಲು ನೋಡಿದ್ದು."

ಆದರೂ ಭಾನುವಾರ ಬಂದರು. ಅದು ಜನವರಿ, ಬೆಳಗಿನ ಚಳಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಿಳಿಗಳ ಗವಸು ನೋಡಿ ಮೀಸೆಯಲ್ಲೇ ನಕ್ಕು, ಹತ್ತು ನಿಮಿಷದಲ್ಲಿ ಹಳೆ ಹರಳು ಬಿಡಿಸಿ ಹೊಸದನ್ನು ಕೂರಿಸಿದರು. ಹಳೆಯದನ್ನು ಬೆಂಕಿಪೊಟ್ಟಣದಲ್ಲಿಟ್ಟು ನನ್ನ ಕೈಗೆ ಕೊಟ್ಟರು. "ಬಿಸಾಡಬ್ಯಾಡ್ರಿ. ಮತ್ತೆ ಇದನ್ನ ಎಂಟು ದಿನ ಓಡಿಸಿ ನೋಡ್ರಿ. ಓಡೋದಲ್ಲ ಮುಖ್ಯ, ಸರಿ ಹೇಳ್ತೈತೋ ಇಲ್ಲೋ ಅದು ನೋಡ್ರಿ."

ಚಹಾ ಕುಡಿಯುತ್ತ ಮಗಳ ಮಾತು ತೆಗೆದರು. ಅವಳು ನಮ್ಮದೇ ಹರಿಹರದ ಶಾಖೆಯಲ್ಲಿ ಡ್ರಾಯಿಂಗ್ ಕಲಿಯುತ್ತಿದ್ದಳು. ಆ ಊರಿನ ಒಂದು ಕಾರ್ಖಾನೆ ಪ್ರತಿವರ್ಷ ಆ ಶಾಖೆಯ ಮೊದಲ ಆರು ಹುಡುಗಿಯರನ್ನು ತನ್ನ ಡ್ರಾಯಿಂಗ್ ಆಫೀಸಿಗೆ ತೆಗೆದುಕೊಳ್ಳುತ್ತಿತ್ತು. "ಬೋರ್ಡ್ ಮುಂದೆ ಕೂತ್ರೆ ಊಟ ಬ್ಯಾಡ ಆಕಿಗೆ. ಈ ವರ್ಷ ತಪ್ಪಿದ್ರೆ ವಯಸ್ಸು ಮೀರ್ತೈತೆ ಅಂತ ಕಾರ್ಖಾನೆಯವರು ಹೇಳ್ಯಾರೆ. ಆರರಾಗ ಬಂದ್ರೆ ಸಾಕು ಅಂತ ದುವಾ ಮಾಡ್ತೀನಿ" ಎಂದರು. ಬರ್ತಾಳೆ ಬಿಡಿ ಚಾಚಾ ಎಂದೆ.

ಎಂಟು ದಿನ ನೋಡಿದೆನೇ? ಎರಡು ಗಂಟೆ ನೋಡಿದೆ. ಪರದೆಯ ಮೇಲೆ ಸಾಲುಗಳು ಓಡುವುದನ್ನು ಕಂಡು ಬಾಯಿ ಬಿಟ್ಟುಕೊಂಡು ಕುಳಿತೆ. ಅಬ್ಬಬ್ಬಾ, ಅದೇ ಯಂತ್ರವೇ ಇದು! ಪ್ರೊಸೆಸರಿನ ಮೇಲೆ ಬೆರಳಿಟ್ಟು ಹತ್ತು ಎಣಿಸಿದೆ, ಜನವರಿಯ ಚಳಿಗೆ ಹಿತವಾಗಿತ್ತು. ಹತ್ತು ಸಾಲು ತಾಳೆ ನೋಡಿದೆ, ಸರಿಯಿತ್ತು. ಮುಚ್ಚಳ ಹಾಕಿ ತಿರುಪು ಬಿಗಿದೆ.

ಯುಗಾದಿ ಕಳೆದು ವಾರವಾಗಿತ್ತು. ಬಿಸಿಲು ಕಾದ ಹೆಂಚು. ಒಂದು ದಿನ ಹತ್ತಕ್ಕೆ ಕರೆಂಟು ಬರುತ್ತಿದ್ದಂತೆ ಅಂಕಗಳ ಲೆಕ್ಕ ಶುರು ಮಾಡಿದೆ. ಮೊದಲು ದಾವಣಗೆರೆ, ಆಮೇಲೆ ಮಲೆಬೆನ್ನೂರು, ಕೊನೆಗೆ ಹರಿಹರ. ಸೆಕೆಗೆ ಕಿಟಕಿ ತೆರೆದರೆ ಹತ್ತಿಯ ಎಳೆ ಒಳಗೆ ಬರುತ್ತಿದೆ. ನಾನು ಮಾಡಿದ್ದು ಕೇಳಿ: ಓಡುತ್ತಿರುವ ಯಂತ್ರಕ್ಕೆ, ಬೆನ್ನಿನ ಗಾಳಿಕಿಂಡಿಯೂ ಸೇರಿ, ಗವಸು ಹೊದಿಸಿದೆ. ಟೇಬಲ್ ಫ್ಯಾನನ್ನು ನನ್ನ ಮುಖಕ್ಕೆ ತಿರುಗಿಸಿಕೊಂಡೆ. ಎರಡಕ್ಕೆ ಕಾಲು ಗಂಟೆ ಇರುವಾಗ ಲೆಕ್ಕ ಮುಗಿಯಿತು. ಚಪ್ಪಾಳೆ ತಟ್ಟಿದೆ, ಒಬ್ಬಳೇ.

ಮರುದಿನ ಪಟ್ಟಿ ಅಚ್ಚಾಯಿತು. ಒಂದೇ ದಿನಕ್ಕೆ ಮುಗಿಸಿದೆನೆಂದು ಇಡೀ ಸ್ಟಾಫು ಹೊಗಳಿತು, ಪ್ರಿನ್ಸಿಪಾಲರು ಸಹಿ ಹಾಕಿದರು. ಮೂರೂ ಶಾಖೆಯ ಗೋಡೆಗೆ ಅಂಟಿಸಿದ್ದಾಯಿತು, ಒಂದು ಪ್ರತಿ ಹರಿಹರದ ಕಾರ್ಖಾನೆಗೂ ಹೋಯಿತು.

ಅದರ ಮಾರನೆಯ ಬೆಳಿಗ್ಗೆ ಚಾಚಾ ಮಗಳನ್ನು ಕರೆದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ತೆಳ್ಳಗಿನ ಹುಡುಗಿ, ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ.

"ಮೇಡಂ, ನಮ್ಮ ಶಾಖೆಯಾಗ ನಂದು ಹದಿನಾಲ್ಕನೇ ನಂಬರ್ ಬಂದೈತೆ. ಒಂಬತ್ತು ವಿಷಯದ್ದು ಕೂಡಿದ್ರೆ ಏಳ್ನೂರ ನಲವತ್ತು ಆಗ್ತೈತ್ರಿ. ಪಟ್ಟಿಯಾಗ ಆರ್ನೂರ ಎಪ್ಪತ್ತಾರು ಐತೆ."

ನನಗೆ ಎಲ್ಲಿತ್ತೋ ಸಿಟ್ಟು. ಅಷ್ಟು ಜನ ಹೊಗಳಿದ ನನ್ನ ಕೆಲಸದಲ್ಲಿ ಈ ಹುಡುಗಿ ತಪ್ಪು ಹಿಡಿಯುವುದೇ? "ಕಂಪ್ಯೂಟರ್ ತಪ್ಪು ಮಾಡೋದಿಲ್ಲ ತಿಳೀತಾ? ಯಂತ್ರ ಹೇಳಿದ್ದು ಬಿಟ್ಟು ನಿನ್ನ ಬೆರಳ ಲೆಕ್ಕ ನಂಬ್ಲಾ? ಮೊದ್ಲು ಕೂಡೋದು ಕಲ್ತು ಬಾ ಹೋಗು!" ಎಂದುಬಿಟ್ಟೆ. ಅಪ್ಪನ ಎದುರಿಗೆ.

ಹುಡುಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. "ಬರ್ತೀವ್ರಿ" ಎಂದು ಚಾಚಾ ಚಪ್ಪಲಿ ಮೆಟ್ಟಿಕೊಂಡರು.

ಅವರು ಹೋದ ಮೇಲೆ, ಅವಳದೇ ತಪ್ಪು ಎಂದು ತೋರಿಸಿಕೊಳ್ಳುವ ಹಟಕ್ಕೆ ಕಡತ ತೆಗೆದು ಪೆನ್ಸಿಲ್ ಹಿಡಿದು ಕೂಡಿದೆ. ಏಳ್ನೂರ ನಲವತ್ತು. ಮತ್ತೆ ಕೆಳಗಿನಿಂದ ಮೇಲೆ ಕೂಡಿದೆ. ಏಳ್ನೂರ ನಲವತ್ತು. ಒಂಬತ್ತು ಅಂಕಿ ಕೂಡಲು ಬಾರದೇ ಹೋಯಿತೇ ಆ ಯಂತ್ರಕ್ಕೆ? ಪ್ರಾಥಮಿಕ ಶಾಲೆಯ ಮಗು ಮಾಡುವ ಲೆಕ್ಕ! ಹರಿಹರದ ಪಟ್ಟಿ ಪೂರ್ತಿ ಕೂಡುತ್ತ ಹೋದೆ. ಹದಿನೇಳು ಮೊತ್ತಗಳು ತಪ್ಪಾಗಿದ್ದವು, ಪ್ರತಿಯೊಂದರಲ್ಲೂ ಸರಿಯಾಗಿ ಅರವತ್ನಾಲ್ಕು ಕಡಿಮೆ. ಕಂಪ್ಯೂಟರ್ ಅಂಕಿಗಳನ್ನು ಒಂದು, ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗುವ ಚುಕ್ಕೆಗಳಲ್ಲಿ ಬರೆದುಕೊಳ್ಳುತ್ತದೆ, ಅದರಲ್ಲಿ ಅರವತ್ನಾಲ್ಕು ಎಂದರೆ ಒಂದೇ ಒಂದು ಚುಕ್ಕೆ. ಕಾದ ಯಂತ್ರದ ತಲೆಗೆ ಆ ಚುಕ್ಕೆ ಆಗೊಮ್ಮೆ ಈಗೊಮ್ಮೆ ಮರೆತುಹೋಗಿತ್ತು. ದಾವಣಗೆರೆಯ ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ, ಮಲೆಬೆನ್ನೂರಿನದರಲ್ಲೂ ಇರಲಿಲ್ಲ. ಹರಿಹರದ ಸರದಿ ಬರುವ ಹೊತ್ತಿಗೆ ನನ್ನ ಗಿಳಿಗಳ ಗವಸಿನೊಳಗೆ ಅದು ಬೆಂದುಹೋಗಿತ್ತು.

ಕೆಟ್ಟು ನಿಂತಿದ್ದರೆ ಗೊತ್ತಾಗುತ್ತಿತ್ತು. ನಿಲ್ಲಲಿಲ್ಲ. ಸುಳ್ಳನ್ನು ನೀಟಾಗಿ ಅಚ್ಚು ಹಾಕಿ ಕೊಟ್ಟಿತ್ತು. ನನಗೆ ಇವತ್ತಿಗೂ ದಿಗಿಲು ಹುಟ್ಟಿಸುವುದು ಅದೇ.

ಚಾಚಾನ ಅಂಗಡಿಗೆ ಓಡಿದೆ. ಮಗಳು ಅಲ್ಲೇ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. "ಲೆಕ್ಕ ನಿಂದೇ ಸರಿ ಐತವ್ವ, ನಂದು ತಪ್ಪು" ಎಂದೆ. ಅವಳು ತಿರುಗಲಿಲ್ಲ. ಚಾಚಾ ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು.

"ಎಂಟು ದಿನ ನೋಡಿದ್ರಾ ಮೇಡಮ್ಮಾರೆ?"

"ಇಲ್ಲ ಚಾಚಾ. ಎರಡು ತಾಸು."

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಹರಳು ಕೂರಿಸಿದ ಕೈ ನಂದೇ ಅಲ್ಲೇನ್ರಿ. ನನ್ನ ಮಗಳ ನಂಬರ್ ನಾನೇ ಕೆಡಿಸಿದಂಗಾತು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಅಂಗಡಿಯ ಮುಂದೆಯೇ ಅತ್ತೆ.

ಮೂವರೂ ಬಸ್ಸು ಹಿಡಿದು ಹರಿಹರಕ್ಕೆ ಹೋದೆವು. ಕಾರ್ಖಾನೆಯ ಅಧಿಕಾರಿಯ ಮುಂದೆ ನನ್ನ ಪೆನ್ಸಿಲ್ ಲೆಕ್ಕ ಹರವಿದೆ. ಅವರು ಕಂಪ್ಯೂಟರಿನ ಪಟ್ಟಿಯನ್ನು ಬೆರಳಿನಿಂದ ತಟ್ಟಿದರು. "ಏನ್ರಿ ಮೇಡಂ, ಪ್ರಿನ್ಸಿಪಾಲರು ಸಹಿ ಮಾಡಿದ್ದು ಐತೆ. ಯಂತ್ರ ಹೇಳಿದ್ದು ಬಿಟ್ಟು ನಿಮ್ಮ ಬೆರಳ ಲೆಕ್ಕ ನಂಬಬೇಕಾ?"

ಬೆಳಿಗ್ಗೆ ನನ್ನ ಬಾಯಿಂದ ಬಂದದ್ದೂ ಇದೇ ಮಾತು. ಹುಡುಗಿ ನನ್ನ ಕಡೆ ಒಮ್ಮೆ ನೋಡಿ ನೆಲ ನೋಡಿದಳು.

ಬೇಡಿಕೊಂಡ ಮೇಲೆ ಅಧಿಕಾರಿ ಒಂದು ದಿನ ಕೊಟ್ಟರು. "ನಾಳೆ ಮಧ್ಯಾಹ್ನ ಮೂರಕ್ಕೆ ಆರ್ಡರ್ ಟೈಪ್ ಮಾಡಿಸ್ತೀವಿ. ಅಷ್ಟರಾಗ ಕಂಪ್ಯೂಟರಿಂದೇ ಹೊಸ ಪಟ್ಟಿ, ಸಹಿ ಸಮೇತ ತರ್ರಿ. ಇಲ್ಲಾಂದ್ರೆ ಇದೇ ಖಾಯಂ."

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಹಳೆ ಹರಳು ಹಾಕಿದರೆ ಐದು ಗಂಟೆ ಬೇಕು, ಕರೆಂಟು ನಾಲ್ಕೇ ಗಂಟೆ. ಹೊಸ ಹರಳನ್ನು ನಂಬುವಂತಿಲ್ಲ. ಅಂಗಡಿ ಮುಚ್ಚಲೆಂದು ಜೊತೆಗೇ ಹೊರಟಿದ್ದ ಚಾಚಾಗೆ ಹೇಳಿದೆ.

"ಮೂರೂ ಊರಿಂದು ಯಾಕ ಒಟ್ಟಿಗೆ ಕೊಡ್ತೀರಿ?" ಎಂದರು ಅವರು. "ನಾನು ಹತ್ತು ವಾಚ್ ಒಮ್ಮೆಲೇ ಬಿಚ್ಚಿ ಕೂರಲ್ಲ. ಹರಿಹರದ್ದು ಬೇಕಾದ್ರೆ ಹರಿಹರದ್ದು ಕೊಡ್ರಿ."

ಬಸ್ಸಿನ ಟಿಕೇಟಿನ ಹಿಂದೆಯೇ ಲೆಕ್ಕ ಹಾಕತೊಡಗಿದೆ.

ಮರುದಿನ ಒಂಬತ್ತಕ್ಕೇ ಚಾಚಾ ಬಂದು, ಕರೆಂಟಿಲ್ಲದ್ದಕ್ಕೆ ಸ್ಪಿರಿಟ್ ದೀಪದಲ್ಲಿ ಬೆಸುಗೆ ಕಡ್ಡಿ ಕಾಯಿಸಿ, ಬೆಂಕಿಪೊಟ್ಟಣದ ಹಳೆ ಹರಳನ್ನು ಮತ್ತೆ ಕೂರಿಸಿದರು. ಮುಚ್ಚಳ ತೆಗೆದಿಟ್ಟೆವು. ಫ್ಯಾನು ಯಂತ್ರದ ಮುಖಕ್ಕೆ. ಗವಸನ್ನು ಮಡಿಚಿ ಅದರ ಮೇಲೆ ನಾನು ಕುಳಿತೆ. ಹತ್ತಕ್ಕೆ ಕರೆಂಟು ಬಂತು, ಹರಿಹರದ್ದಷ್ಟೇ ಕೊಟ್ಟೆ. ಐದು ಗಂಟೆಯ ಮೂರನೇ ಒಂದು ಪಾಲು, ಒಂದೂ ಮುಕ್ಕಾಲು ಗಂಟೆಯಾದರೂ ಬೇಕು ಎಂದು ಲೆಕ್ಕ ಹಾಕಿದ್ದೆ. ನಲವತ್ತು ನಿಮಿಷಕ್ಕೆ ಮುಗಿದುಹೋಯಿತು! ನಿಂತಿತೇನೋ ಎಂದು ಹೆದರಿ ಎದ್ದು ನಿಂತೆ. ಇಲ್ಲ, ಮುಗಿದಿತ್ತು. ಆಮೇಲೆ ಹೊಳೆಯಿತು: ಯಾರು ಮೊದಲು ಎಂದು ಜೋಡಿಸಲು ಅದು ಒಬ್ಬೊಬ್ಬಳ ಮೊತ್ತ ಕೂಡಿದ ಕೂಡಲೇ ಅವಳನ್ನು ಅಲ್ಲಿಯವರೆಗಿನ ಎಲ್ಲರ ಜೊತೆ ಹೋಲಿಸುತ್ತಿತ್ತು. ಜನ ಕಡಿಮೆಯಾದಷ್ಟೂ ಆ ಹೋಲಿಕೆ ವಿಪರೀತ ಕಡಿಮೆ. ಅಂದರೆ ಮೂರು ಊರನ್ನೂ ಬೇರೆ ಬೇರೆ ಕೊಟ್ಟಿದ್ದರೆ, ಹಳೆ ಹರಳಿನಲ್ಲೇ, ಒಂದೇ ಬೆಳಿಗ್ಗೆ ಎಲ್ಲವೂ ಮುಗಿಯುತ್ತಿತ್ತು. ಹೊಸ ಹರಳೇ ಬೇಕಿರಲಿಲ್ಲ. ಹಿಂದಿನ ವರ್ಷದ ಒಂಬತ್ತು ದಿನಗಳೂ ಬೇಕಿರಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕುಳಿತೆ.

ಹೊಸ ಪಟ್ಟಿಯ ಒಂದೊಂದು ಸಾಲನ್ನೂ ಪೆನ್ಸಿಲಿನಿಂದ ಕೂಡಿ ನೋಡಿದ ಮೇಲೆಯೇ ಸಹಿಗೆ ಕೊಟ್ಟೆ. ಪ್ರಿನ್ಸಿಪಾಲರು ನನಗೆ ಅಂದದ್ದೆಲ್ಲ ನ್ಯಾಯವಾಗಿತ್ತು. ಎರಡೂವರೆಗೆ ಪಟ್ಟಿ ಹರಿಹರ ಮುಟ್ಟಿತು. ಚಾಚಾನ ಮಗಳು ಮೂರನೆಯವಳು. ಆರ್ಡರಿನಲ್ಲಿ ಅವಳ ಹೆಸರು ಬಂತು.

ತಪ್ಪು ಪಟ್ಟಿಯಲ್ಲಿ ಆರನೆಯವಳಾಗಿದ್ದ ಹುಡುಗಿಯ ಮನೆಯಲ್ಲಿ ಆಗಲೇ ಪಾಯಸ ಮಾಡಿದ್ದರು. ಅವಳ ಮನೆಗೂ ನಾನೇ ಹೋಗಿ ಹೇಳಿದೆ. ಅವಳ ತಾಯಿ ನನ್ನನ್ನು ಕೂಡ್ರಿ ಅನ್ನಲಿಲ್ಲ. ಅದೂ ಸರಿಯೇ.

ಬೇಸಿಗೆ ಕಳೆದು ಆಷಾಢದ ಗಾಳಿ ಬೀಸತೊಡಗಿದಾಗ ಒಮ್ಮೆ ಅಂಗಡಿಗೆ ಹೋದೆ. ಗೋಡೆಯಲ್ಲಿ ವಾಚುಗಳ ನಡುವೆ ಒಂದು ಮೊಳೆಗೆ ಆ ಹದಿನಾರರ ಹರಳು ದಾರದಲ್ಲಿ ತೂಗುತ್ತಿತ್ತು, ಚೀಟಿಯಲ್ಲಿ 'ಮೇಡಂ' ಎಂದು ಬರೆದಿತ್ತು. "ಅದರದ್ದೇನು ತಪ್ಪಿಲ್ಲ, ಪಾಪ. ಸರಿಯಾಗಿ ನೋಡಿ ಹಾಕೋಣ ನಡೀರಿ" ಎಂದರು ಚಾಚಾ.

ಈ ಸಲ ಗೆಳತಿಯ ಕಾಗದವನ್ನು ಗೋಡೆಗೆ ಅಂಟಿಸಿದೆ. ಮುಚ್ಚಳ ತೆಗೆದದ್ದು ತೆಗೆದಂತೆಯೇ, ಎದುರಿಗೆ ಫ್ಯಾನು, ತಾಸಿಗೊಮ್ಮೆ ಬೆರಳಿಟ್ಟು ಹತ್ತು ಎಣಿಕೆ. ಸರಿ ಎಂದು ಗೊತ್ತಿದ್ದ ಹರಿಹರದ ಪಟ್ಟಿಯನ್ನೇ ದಿನಾ ಮಾಡಿಸಿ, ಒಂದೊಂದು ಸಾಲೂ ತಾಳೆ. ಎಂಟನೆಯ ದಿನ ಭಾನುವಾರ. ಚಾಚಾನ ಜೊತೆ ಮಗಳೂ ಬಂದಿದ್ದಳು. ಬೆರಳುಗಳಲ್ಲಿ ಡ್ರಾಯಿಂಗ್ ಇಂಕಿನ ಕಲೆ. ಕಾರ್ಖಾನೆಯಲ್ಲಿ ಗಿಯರ್ ಚಕ್ರದ ಹಲ್ಲುಗಳ ಚಿತ್ರ ಬಿಡಿಸಲು ಕೊಟ್ಟಿದ್ದಾರೆ ಎಂದು ಚಾಚಾ ಹೇಳಿದರು. ಅವಳು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಕೊನೆಯ ಪಟ್ಟಿ ಅಚ್ಚಾಗಿ ಬಂತು. "ಎಲ್ಲಾ ಸರಿ ಐತೆ ಚಾಚಾ, ಎಂಟೂ ದಿನ!" ಎಂದು ಹಿಗ್ಗಿದೆ.

ಹುಡುಗಿ ಮೆಲ್ಲಗೆ ಕೈ ಚಾಚಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಮೇಜಿನ ಮೇಲಿದ್ದ ನನ್ನ ಪೆನ್ಸಿಲ್ ತೆಗೆದುಕೊಂಡಳು.

"ಕೂಡೋದು ಕಲ್ತು ಬಂದೀನ್ರಿ ಮೇಡಂ. ನೋಡ್ಲಾ?"

ಕೆನ್ನೆಗೆ ಹೊಡೆದಂತಾಯಿತು. ಚಾಚಾ ಕೈಚೀಲದಲ್ಲಿ ಏನನ್ನೋ ಹುಡುಕುವವರಂತೆ ಬಗ್ಗಿದರು.

"ನೋಡವ್ವ" ಎಂದೆ.

ತನ್ನ ಹೆಸರಿನ ಮುಂದಿನ ಒಂಬತ್ತು ಅಂಕಿಗಳ ಮೇಲೆ ಪೆನ್ಸಿಲಿನ ತುದಿ ಇಟ್ಟು, ತುಟಿ ಅಲ್ಲಾಡಿಸುತ್ತ, ಯಾವ ಅವಸರವೂ ಇಲ್ಲದೆ ಕೂಡಿದಳು. ಏಳ್ನೂರ ನಲವತ್ತು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.